ಕದ್ದಾಲಿಕೆ ಬಯಲಾದಾಗ

ಆಳುವವರು ಪ್ರಜೆಗಳ ಮಾತನ್ನು ಕದ್ದು ಕೇಳುತ್ತಿದ್ದಾರೆಂಬುದು ಬಯಲಾದಾಗಲೆಲ್ಲ ನಮ್ಮ ನಾಯಕರು ಹಿಡಿಯುವ ದಾರಿ ಒಂದೇ. ಮೊದಲು ನಿರಾಕರಣೆ, ಬಳಿಕ ಅಧಿಕಾರಿಗಳತ್ತ ಬೆರಳು, ಅದೂ ಸಾಲದಾದರೆ ತನಿಖೆ. ತನಿಖೆಯ ಕಡತವು ಧೂಳು ಹಿಡಿಯುವಷ್ಟರಲ್ಲಿ ಜನರು ಬೇರೊಂದು ಹಗರಣವನ್ನು ಚರ್ಚಿಸುತ್ತಿರುತ್ತಾರೆ.

ಇದಕ್ಕೆ ಅಪವಾದವೆನ್ನಬಹುದಾದದ್ದು ನಮ್ಮ ರಾಜ್ಯದ್ದೇ. ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. ಆದರೆ ಕದ್ದಾಲಿಕೆಯ ಪಟ್ಟಿಯನ್ನು ಬಹಿರಂಗಗೊಳಿಸಿದವರಾರು? ರಾಜೀವ್ ಗಾಂಧಿಯವರ ಕೇಂದ್ರ ಸರಕಾರ. ಪ್ರಜೆಗಳ ಅಂಚೆಯನ್ನು ತಡೆದು ನೋಡುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಯನ್ನು 1986ರಲ್ಲಿ ತಂದದ್ದೂ ಅದೇ ಸರಕಾರ! ರಾಷ್ಟ್ರಪತಿ ಜೈಲ್ ಸಿಂಗರು ಸಹಿ ಹಾಕದೆ ಇರಿಸಿಕೊಂಡದ್ದರಿಂದ ಅದು ಕಾನೂನಾಗಲಿಲ್ಲ. ಎದುರಾಳಿಯ ಕುರ್ಚಿ ಅಲುಗಿಸಬೇಕಾದಾಗ ಮಾತ್ರ ಖಾಸಗಿತನದ ಮೇಲೆ ಮಮತೆ ಉಕ್ಕುತ್ತದೆ.

2019ರಲ್ಲೂ ಹಾಗೆಯೇ ಆಯಿತು. ಮೈತ್ರಿ ಸರಕಾರದ ಕಾಲದ ಕದ್ದಾಲಿಕೆಯ ದೂರನ್ನು ಯಡಿಯೂರಪ್ಪನವರು ಸಿಬಿಐಗೆ ಒಪ್ಪಿಸಿದರು, ಕುಮಾರಸ್ವಾಮಿಯವರು ನಿರಾಕರಿಸಿದರು. ಆ ಮೈತ್ರಿಯ ನಾಯಕರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೇ ಪೆಗಾಸಸ್ ಪಟ್ಟಿಯಲ್ಲಿವೆಯೆಂದು 2021ರಲ್ಲಿ ವರದಿಯಾದಾಗ ಕೇಂದ್ರವು ರಾಷ್ಟ್ರೀಯ ಭದ್ರತೆಯ ಪರದೆ ಎಳೆಯಿತು. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯ ಸಮಿತಿಯು 29 ಫೋನುಗಳನ್ನು ಪರಿಶೀಲಿಸಿ ಐದರಲ್ಲಿ ಕುತಂತ್ರಾಂಶವನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರಕಾರವು ಸಹಕರಿಸಲಿಲ್ಲವೆಂದು ಸುಪ್ರೀಂ ಕೋರ್ಟಿನಲ್ಲೇ ಹೇಳಲಾಯಿತು.

ಖಲೀಫಾ ಉಮರ್‌ರವರು ಒಮ್ಮೆ ರಾತ್ರಿ ಗೋಡೆ ಹತ್ತಿ ಒಬ್ಬನ ತಪ್ಪನ್ನು ಹಿಡಿದರೆಂದೂ, ಬೇಹುಗಾರಿಕೆ, ಬಾಗಿಲು ಬಿಟ್ಟು ಬಂದದ್ದು, ಅನುಮತಿ ಕೇಳದಿದ್ದುದು ಎಂಬ ಮೂರು ತಪ್ಪುಗಳನ್ನು ಆತ ಅವರಿಗೇ ತೋರಿಸಿದನೆಂದೂ, ಅವರು ಒಪ್ಪಿ ಮರಳಿದರೆಂದೂ ವರದಿಯಿದೆ. ಬೇಹುಗಾರಿಕೆಯನ್ನು ಸೂರಃ ಅಲ್ ಹುಜುರಾತ್ ನಿಷೇಧಿಸಿರುವುದು ಆಳುವವನಿಗೂ ಅನ್ವಯಿಸುತ್ತದೆ. (ನೆರೆಮನೆಯ ಗುಟ್ಟನ್ನು ಮೊಹಲ್ಲಾದ ಹೋಟೆಲಿನಲ್ಲಿ ಹಂಚುವವರಿಗೂ ಕೂಡ.)

ನಾಯಕರ ಫೋನಿಗಾದರೂ ಗದ್ದಲವೇಳುತ್ತದೆ. ಶಿವಾಜಿನಗರದ, ಹಲಸೂರಿನ, ಕೆ.ಆರ್. ಪುರದ ಸಾಮಾನ್ಯನ ಗತಿಯೇನು? ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯು ಶಿವಾಜಿನಗರಕ್ಕೆ ತೀರಾ ಸಮೀಪ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ನಗರದಾದ್ಯಂತ ಸಾವಿರಾರು ಕ್ಯಾಮರಾಗಳು ಬಂದವು. ನಿಯಂತ್ರಣ ಕೇಂದ್ರವು 2023ರಲ್ಲಿ ಉದ್ಘಾಟನೆಗೊಂಡಿತು. ಮಹಿಳೆಯರ ಸುರಕ್ಷತೆಯನ್ನು ನಾವೂ ಬಯಸುತ್ತೇವೆ. ಆದರೆ ಆ ಚಿತ್ರಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ವಾರ್ಡಿನ ಪರವಾಗಿ ಕೇಳಲು ಆಗ ಕಾರ್ಪೊರೇಟರುಗಳೇ ಇರಲಿಲ್ಲ. ಅವರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು.

ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 86ರ ಇಳಿವಯಸ್ಸಿನಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕೆಂದು 1996ರಲ್ಲೇ ಸುಪ್ರೀಂ ಕೋರ್ಟು ವಿಧಿಸಿತ್ತು. ವರ್ಷಕ್ಕೆ ಅಂತಹ ಎಷ್ಟು ಆದೇಶಗಳಿಗೆ ಸಹಿ ಬಿದ್ದಿದೆ, ಸಮಿತಿಯು ಎಷ್ಟನ್ನು ತಿರಸ್ಕರಿಸಿದೆ? ನಮ್ಮ ಮತ ಪಡೆದ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಎರಡು ಪ್ರಶ್ನೆಗಳನ್ನಾದರೂ ಕೇಳಲಿ.