ದೈತ್ಯ ರೋಬೋ ಯಾವ ಕನ್ನಡ ಮಾತಾಡಬೇಕು?

ಡೊಂಬಿವಲಿಯಲ್ಲಿ ಬೆಳೆಯುವ ಕರಾವಳಿ ಮೂಲದ ಏಳೆಂಟು ವರ್ಷದ ಮಗುವಿಗೆ ಭಾಷೆಗಳ ಬಡತನ ಇಲ್ಲ. ಅಜ್ಜಿಯ ಹತ್ತಿರ ತುಳು, ಕಟ್ಟಡದ ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟಿವಿ ಮುಂದೆ ಹಿಂದಿ. ಕನ್ನಡ ಇಲ್ಲವೆಂದಲ್ಲ. ಭಜನೆಯಲ್ಲಿ ಇದೆ, ಸಂಘದ ವಾರ್ಷಿಕೋತ್ಸವದ ಸ್ವಾಗತ ಭಾಷಣದಲ್ಲಿ ಇದೆ, ಮದುವೆಯ ಕರೆಯೋಲೆಯಲ್ಲಿ ಇದೆ. ಆದರೆ ಆ ಮಗುವಿನ ಮಟ್ಟಿಗೆ ಕನ್ನಡದಲ್ಲಿ ಯಾರೂ ಹಾರುವುದಿಲ್ಲ, ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಹತ್ತು ಮಹಡಿ ಎತ್ತರದ ಉಕ್ಕಿನ ದೈತ್ಯ, ಅವನ ಎದೆಯೊಳಗೆ ಕೂತು ಅವನನ್ನು ನಡೆಸುವ ಹುಡುಗ, ಆಕಾಶದಿಂದ ಬರುವ ಶತ್ರು, ಇವೆಲ್ಲ ಹಿಂದಿಯ ಆಸ್ತಿ. ಥಾಣೆ, ಕಲ್ಯಾಣ್, ನವಿ ಮುಂಬಯಿಯ ಸಾವಿರಾರು ಕನ್ನಡ ಮನೆಗಳ ಕತೆಯೂ ಹೆಚ್ಚುಕಡಿಮೆ ಇದೇ. ಉತ್ತರ ಕರ್ನಾಟಕದಿಂದ ಬಂದ ಮನೆಗಳಲ್ಲಿ ಅಜ್ಜಿಯ ಭಾಷೆ ಕನ್ನಡವೇ ಇರುತ್ತದೆ, ಟಿವಿಯ ಭಾಷೆ ಮಾತ್ರ ಬದಲಾಗುವುದಿಲ್ಲ.

ಇದನ್ನು ಸಣ್ಣ ವಿಷಯ ಎಂದುಕೊಳ್ಳುವವರು ಲೆಬನಾನಿನ ಕಡೆ ಒಮ್ಮೆ ನೋಡಬೇಕು.

ಗೋ ನಾಗಾಯ್ ಎಂಬ ಮಾಂಗಾ ಕಲಾವಿದನ ಕಲ್ಪನೆಯಿಂದ ಹುಟ್ಟಿ, ತೋಯೆಯಿ ಸಂಸ್ಥೆ ತಯಾರಿಸಿದ ‘ಯುಎಫ್ಓ ರೋಬೋ ಗ್ರೆಂಡೈಜರ್’ ಜಪಾನಿನಲ್ಲಿ 1975ರಿಂದ 1977ರವರೆಗೆ 74 ಕಂತುಗಳಲ್ಲಿ ಪ್ರಸಾರವಾಯಿತು. ಅದೇ 1975ರಲ್ಲಿ ಲೆಬನಾನಿನಲ್ಲಿ ಅಂತರ್ಯುದ್ಧ ಶುರುವಾಗಿತ್ತು. ಆ ಯುದ್ಧದ ನಡುವೆಯೇ, ಆ ದಶಕದ ಕೊನೆಯ ಹೊತ್ತಿಗೆ, ಲೆಬನಾನಿನ ಕಲಾವಿದರು ಗ್ರೆಂಡೈಜರ್‌ಗೆ ಅರಬಿಯಲ್ಲಿ ದನಿ ಕೊಟ್ಟರು. ನಾಯಕ ಡ್ಯೂಕ್ ಫ್ಲೀಡ್‌ಗೆ ದನಿಯಾದವರು ಜಿಹಾದ್ ಅಲ್-ಅತ್ರಷ್, ಶೀರ್ಷಿಕೆ ಗೀತೆ ಹಾಡಿದವರು ಸಾಮಿ ಕ್ಲಾರ್ಕ್. ಡ್ಯೂಕ್ ಫ್ಲೀಡ್ ತನ್ನ ಗ್ರಹ ನಾಶವಾದ ಮೇಲೆ ಭೂಮಿಗೆ ಬಂದು ಆಶ್ರಯ ಪಡೆದ ರಾಜಕುಮಾರ. ಭೂಮಿಯಲ್ಲಿ ಅವನ ಹೆಸರು ದೈಸುಕೆ, ದನಕುದುರೆ ಸಾಕುವ ರಾಂಚಿನಲ್ಲಿ ವಾಸ. ಊರಿನದೊಂದು ಹೆಸರು, ಬಂದು ನೆಲೆಸಿದ ಜಾಗದಲ್ಲೊಂದು ಹೆಸರು. ಈ ಪಾಡು ಮುಂಬಯಿ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ಹುಡುಗರಿಗೆ ಹೊಸದೇನಲ್ಲ.

ಇಲ್ಲಿ ಗಮನಿಸಬೇಕಾದದ್ದು ಆ ಅರಬಿ ಯಾವ ಅರಬಿ ಎಂಬುದನ್ನು. ಬೇರೂತಿನ ಮನೆಮಾತು ಬೇರೆ, ಕುವೈತಿನದು ಬೇರೆ, ಬಾಗ್ದಾದಿನದು ಇನ್ನೂ ಬೇರೆ. ಗ್ರೆಂಡೈಜರ್ ಇವು ಯಾವುದನ್ನೂ ಆಡಲಿಲ್ಲ. ಅವನು ಆಡಿದ್ದು ಫುಸ್‌ಹಾ, ಅಂದರೆ ಪುಸ್ತಕದ, ಪ್ರವಚನದ, ಸುದ್ದಿವಾಚನದ ಅರಬಿ. ಯಾವ ಮಗುವಿಗೂ ಅದು ತಾಯ್ನುಡಿಯಲ್ಲ. ಆಯುಧಗಳ ಹೆಸರುಗಳನ್ನೂ ಅರಬಿಗೆ ತಂದರು. ದೈತ್ಯನನ್ನು ಎಬ್ಬಿಸುವ ಆಜ್ಞೆ ‘ಇಂತಲಿಕ್’. ವ್ಯಾಕರಣದ ಪಾಠದಲ್ಲಿ ಆಕಳಿಸುತ್ತಿದ್ದ ಮಕ್ಕಳು ಬೀದಿಯಲ್ಲಿ ಅದೇ ವ್ಯಾಕರಣದ ಆಜ್ಞಾರ್ಥಕ ರೂಪವನ್ನು ಕೂಗಿ ಓಡತೊಡಗಿದರು. ಆ ಪೀಳಿಗೆಯ ಪ್ರೀತಿ ಎಷ್ಟು ಗಟ್ಟಿಯೆಂದರೆ, 2024ರಲ್ಲಿ ಬಂದ ಹೊಸ ಸರಣಿ ‘ಗ್ರೆಂಡೈಜರ್ ಯು’ ಹಿಂದೆ ಇದ್ದದ್ದು ಸೌದಿ ಅರೇಬಿಯಾದ ಸಂಸ್ಥೆ.

ಇತ್ತ ಕನ್ನಡದಲ್ಲಿ ನಡೆದದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. 1960ರ ದಶಕದಿಂದ ಚಿತ್ರರಂಗ ಡಬ್ಬಿಂಗ್‌ಗೆ ಬಾಗಿಲು ಹಾಕಿತು. ಆಗ ಅದಕ್ಕೆ ಕಾರಣವಿತ್ತು, ಬಡವಾಗಿದ್ದ ಉದ್ಯಮವೊಂದು ಉಳಿಯಬೇಕಿತ್ತು. ಆದರೆ ಕಾರಣ ಹಳತಾದ ಮೇಲೂ ಬೀಗ ಉಳಿಯಿತು. 2012ರಲ್ಲಿ ‘ಸತ್ಯಮೇವ ಜಯತೇ’ ಕನ್ನಡದ ಟಿವಿಗೆ ಬರಲಾಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಡ್ಡಿ ತಪ್ಪೆಂದು ತೀರ್ಪಿತ್ತು ದಂಡ ಹಾಕಿತು. 2009ರಲ್ಲಿ ಶುರುವಾದ ಚಿಂಟು ಟಿವಿ ಕಾರ್ಟೂನುಗಳನ್ನು ಕನ್ನಡಕ್ಕೆ ತಂದು ಒಂದು ಕಿಟಕಿ ತೆರೆಯಿತು ನಿಜ. ಆದರೂ ಇಡೀ ಚರ್ಚೆಯಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ಡಬ್ಬಿಂಗ್ ಬೇಕೋ ಬೇಡವೋ. ಯಾವ ಕನ್ನಡಕ್ಕೆ ಡಬ್ ಮಾಡಬೇಕು ಎಂದು ಕೇಳುವ ಹಂತಕ್ಕೆ ಅದು ಬರಲೇ ಇಲ್ಲ. ಬೆಂಗಳೂರಿನ ಮಗುವಿಗೆ ಕನ್ನಡ ಬೀದಿಯಲ್ಲಾದರೂ ಸಿಗುತ್ತದೆ. ಕಲ್ಯಾಣದ ಮಗುವಿಗೆ ಸಿಗುವುದಿಲ್ಲ. ಬೀಗದ ಹೆಚ್ಚಿನ ನಷ್ಟ ಬಿದ್ದದ್ದು ಆ ಚರ್ಚೆಯಲ್ಲಿ ಯಾರಿಗೂ ನೆನಪಾಗದ ಇಂಥ ಮಕ್ಕಳ ತಲೆಯ ಮೇಲೆ.

ಈಗ ಮಕ್ಕಳ ಚಾನೆಲ್‌ಗಳಲ್ಲಿ ಕೆಲವು ಕನ್ನಡ ದನಿಯನ್ನೂ ಕೊಡುತ್ತಿವೆ. ರಿಮೋಟಿನಲ್ಲಿ ಎರಡು ಗುಂಡಿ ಒತ್ತಿದರೆ ಸಾಕು. ಒತ್ತುವವರು ಕಡಿಮೆ. ಮಕ್ಕಳನ್ನು ದೂರುವ ಮೊದಲು ಆ ಕನ್ನಡವನ್ನು ಕೇಳಬೇಕು. ಎಷ್ಟೋ ಕಡೆ ಅದು ಇಂಗ್ಲಿಷ್ ನಾಮಪದಗಳಿಗೆ ‘ಮಾಡು’, ‘ಆಗು’ ಅಂಟಿಸಿದ ಮಾತು: ಅಟ್ಯಾಕ್ ಮಾಡು, ಎಸ್ಕೇಪ್ ಆಗು. ಇದನ್ನು ಕೇಳಲು ಮಗು ಹಿಂದಿಯನ್ನು ಯಾಕೆ ಬಿಡಬೇಕು? ತುಂಟ ಶಿನ್‌ಚಾನ್‌ಗೆ ಆಡುಮಾತು ಒಪ್ಪುತ್ತದೆ. ಅವನ ಹಿಂದಿ ಗೆದ್ದದ್ದೇ ಆ ಉಡಾಫೆಯಿಂದ. ಹೋಂವರ್ಕ್‌ಗೆ ಹೆದರುವ ನೋಬಿತನಿಗೂ ಮನೆಮಾತೇ ಸರಿ. ದೈತ್ಯ ರೋಬೋ ಹಾಗಲ್ಲ. ಅದರ ದೇಹದ ಅಳತೆಗೆ ತಕ್ಕ ಮಾತು ಬೇಕು.

ಆ ಮಾತನ್ನು ಹುಡುಕಲು ಕರಾವಳಿಯ ಜನ ದೂರ ಹೋಗಬೇಕಾಗಿಲ್ಲ. ಊರಿನಲ್ಲಿ ತಿರುಗಾಟ ನಿಂತ ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಆಗ ಥಾಣೆ, ಡೊಂಬಿವಲಿಯ ಸಭಾಗೃಹಗಳಲ್ಲಿ ಬಣ್ಣದ ವೇಷ ಅಬ್ಬರಿಸಿ ರಂಗಕ್ಕೆ ಬರುತ್ತದೆ. ಮನುಷ್ಯನಿಗಿಂತ ಅಗಲವಾದ ದೇಹ, ತಲೆಗಿಂತ ಎಷ್ಟೋ ದೊಡ್ಡ ಕಿರೀಟ, ಎದೆಗವಚ. ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತಾರೆ, ಆದರೆ ಕಣ್ಣು ಮುಚ್ಚುವುದಿಲ್ಲ. ಆ ವೇಷ ಆಡುವ ಕನ್ನಡದಲ್ಲಿ ಒಂದು ಇಂಗ್ಲಿಷ್ ಪದವೂ ನುಸುಳುವಂತಿಲ್ಲ, ನುಸುಳಿದರೆ ಸಭೆ ನಗುತ್ತದೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು ಕುಳಿತವರು ಬರೀ ದನಿಯಿಂದ ರಾವಣನನ್ನೋ ಮಾಗಧನನ್ನೋ ನಿಲ್ಲಿಸುತ್ತಾರೆ. ಮೈಕಿನ ಮುಂದೆ ಕುಳಿತು, ಕಾಣದ ದೇಹಕ್ಕೆ ದನಿ ಕೊಡುವ ಈ ಕಸುಬಿಗೆ ಡಬ್ಬಿಂಗ್ ಎಂಬ ಹೆಸರಿಲ್ಲ, ಅಷ್ಟೇ. ಅವರಲ್ಲಿ ಎಷ್ಟೋ ಜನರ ಮನೆಮಾತು ಕೂಡ ಈ ಕನ್ನಡವಲ್ಲ. ತುಳು, ಕೊಂಕಣಿ, ಹವ್ಯಕ, ಮಲಯಾಳ, ಹೀಗೆ ಬೇರೆ ಬೇರೆ. ಯಕ್ಷಗಾನದ ಕನ್ನಡವೇ ಕರಾವಳಿಯ ಫುಸ್‌ಹಾ.

ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಎನ್ನುವವರಿದ್ದಾರೆ. ‘ಎಲವೋ ದುರುಳ’ ಎಂದು ಒಬ್ಬ ದೈತ್ಯ ಇನ್ನೊಬ್ಬನ ಕಡೆ ಮುಷ್ಟಿ ಎತ್ತಿದಾಗ ನಿಘಂಟು ಬೇಕಾಗುವ ಮಗು ಎಲ್ಲೂ ಇಲ್ಲ. ಚಿತ್ರವೇ ಅರ್ಥ ಹೇಳುತ್ತದೆ, ಮಾತು ರೋಮಾಂಚನ ಕೊಡುತ್ತದೆ. ಡಬ್ಬಿಂಗ್ ಬಂದರೆ ಸ್ವಂತದ್ದು ಹುಟ್ಟುವುದಿಲ್ಲ ಎಂಬ ಇನ್ನೊಂದು ಅಳುಕನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಹೊಸ ಪ್ರಸಂಗ ಬರೆಯುವ ರೂಢಿ ಯಕ್ಷಗಾನದಲ್ಲಿ ಇನ್ನೂ ಜೀವಂತವಾಗಿದೆ. ಮುಂಬಯಿಯಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸುವ ಸಂಘಗಳು ಅವರಿಗಾಗಿ ಒಂದು ರೋಬೋ ಪ್ರಸಂಗವನ್ನೂ ಬರೆಸಬಹುದು. ಹಿಂದಿ ಡಬ್ಬಿಂಗಿನ ಸ್ಟುಡಿಯೋಗಳು ಅಂಧೇರಿಯಲ್ಲಿವೆ, ಡೊಂಬಿವಲಿಯಿಂದ ಎರಡು ಲೋಕಲ್ ರೈಲಿನ ದೂರ. ಕನ್ನಡ ದನಿ ಬೇಕಾದ ಚಾನೆಲ್‌ನವರು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮುಂಬಯಿಯಲ್ಲೇ ಇರುವ ಹವ್ಯಾಸಿ ಅರ್ಥಧಾರಿಗಳನ್ನು ಒಂದು ಮಧ್ಯಾಹ್ನ ಕರೆಸಿ ನೋಡಬಹುದು.

ಕೆಲಸ ಶುರುವಾದರೆ ಮೊದಲ ಜಗಳ ಬಹುಶಃ ‘ಇಂತಲಿಕ್’ಗೆ ಸಮನಾದ ಪದದ ಮೇಲೆ. ‘ಹೊರಡು’ ಎಂದರೆ ಬಸ್ಸಿಗೆ ಹೊತ್ತಾಯಿತು ಎಂದಂತೆ. ‘ಚಲಿಸು’ ವಿಜ್ಞಾನದ ಪಠ್ಯಪುಸ್ತಕದ್ದು. ‘ನುಗ್ಗು’ ಚೆನ್ನಾಗಿದೆ, ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ ಹತ್ತುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ಮಲಗಿದ ದೈತ್ಯ ನುಗ್ಗುವ ಮೊದಲು ಎದ್ದು ನಿಲ್ಲಬೇಕಲ್ಲ. ‘ಏಳು’ ಎಂದರೆ ಎರಡೇ ಅಕ್ಷರ, ಪರದೆಯ ಮೇಲೆ ತುಟಿಯ ಚಲನೆಗೂ ಹೊಂದುತ್ತದೆ, ಮೊದಲ ಅಕ್ಷರವನ್ನು ಉಸಿರಿರುವಷ್ಟು ಎಳೆಯಲೂ ಬರುತ್ತದೆ.