ಕಲ್ಲಿನಲ್ಲಿ ಉಳಿದ ಹೆಸರುಗಳು

ಸತ್ತವರ ಕಲ್ಲು ಎಂದೊಡನೆ ಅದರ ಕೆಳಗೆ ಹೆಣವಿರಬೇಕೆಂದು ನಾವು ಭಾವಿಸುತ್ತೇವೆ. ನಮ್ಮ ನಾಡಿನ ಮಟ್ಟಿಗೆ ಇದು ಬಹುಪಾಲು ಸರಿಯಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅವರು ಅಗೆಸಿದಾಗ, ದುಂಡಗೆ ಸುತ್ತಿಟ್ಟ ಬಂಡೆಗಳ ನಡುವೆ, ಚಪ್ಪಡಿಗಳನ್ನು ಪೆಟ್ಟಿಗೆಯಂತೆ ಜೋಡಿಸಿದ ಗೋರಿಗಳು ದೊರೆತವು. ಒಳಗೆ ಎಲುಬು, ಮಡಕೆ, ಕಬ್ಬಿಣದ ಹತಾರಗಳು. ಒಂದೇ ಗೋರಿಯಲ್ಲಿ ಹಲವರ ಎಲುಬುಗಳು ಸಿಕ್ಕಿದ್ದುಂಟು. ಸತ್ತವರಿಗಾಗಿ ಇಷ್ಟೆಲ್ಲ ಶ್ರಮಪಟ್ಟ ಆ ಜನ ಒಬ್ಬರ ಹೆಸರನ್ನೂ ನಮಗೆ ಬಿಟ್ಟುಹೋಗಲಿಲ್ಲ.

ವೀರಗಲ್ಲು, ನಿಷಿಧಿಗಳ ಸಂಗತಿ ಇದಕ್ಕೆ ತಿರುಗುಮುರುಗು. ಅಲ್ಲಿ ಹೆಸರುಂಟು, ಕೆಳಗೆ ಎಲುಬು ಇರಲೇಬೇಕೆಂಬ ನಿಯಮವಿಲ್ಲ. ಅವು ಹೂಳಿದ ಜಾಗವನ್ನಲ್ಲ, ಸತ್ತ ರೀತಿಯನ್ನು ಹೇಳುವ ಕಲ್ಲುಗಳು.

ಕ್ರಿ. ಶ. 949ರ ಸುಮಾರಿನ ಆತಕೂರಿನ ಕಲ್ಲನ್ನೇ ನೋಡಿ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿಗಾಗಿ ನಾವು ಅದನ್ನು ಪರೀಕ್ಷೆಗೆ ಓದುತ್ತೇವೆ. ಆದರೆ ಆ ಕಲ್ಲು ನಿಂತಿರುವುದು ಕಾಳಿ ಎಂಬ ನಾಯಿಗಾಗಿ! ಗಂಗರ ಬೂತುಗನು ತನ್ನ ವೀರ ಮಣಲೆರನಿಗೆ ಮೆಚ್ಚಿ ಕೊಟ್ಟ ನಾಯಿ ಅದು. ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿಗೆ ಈ ಮರ್ಯಾದೆ ಸಂದಿತೆಂದು ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಊರಿನ ಹೊಲಗಳನ್ನು ಉತ್ತು, ಮನೆಯಲ್ಲಿ ಚಾಪೆಯ ಮೇಲೆ ಪ್ರಾಣ ಬಿಟ್ಟವರ ಹೆಸರೇನು?

ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆಯ ಹೆಸರಿದೆ. ರವಿಗನ ಮಗಳು, ಏಚನ ಹೆಂಡತಿ. ಗಂಡನು ರಾಜಾಜ್ಞೆಯಿಂದ ಹತನಾದ ಸುದ್ದಿ ಬಂದಾಗ, ಹೆತ್ತವರು ಬೇಡಬೇಡವೆಂದರೂ ಕೇಳದೆ ಬೆಂಕಿಗೆ ಬಿದ್ದಳು. ಈ ಶಾಸನದ ಕಾವ್ಯಗುಣವನ್ನು ಹೊಗಳುವವರು ಬಹಳ. ಹೊಗಳಲಿ, ಆದರೆ ಆಕೆ ಬದುಕಿ ಉಳಿದು, ಮುದುಕಿಯಾಗಿ ಸತ್ತಿದ್ದರೆ ನಮಗೆ ಆ ಹೆಸರು ತಿಳಿಯುತ್ತಿರಲಿಲ್ಲ ಎಂಬುದನ್ನೂ ಜೊತೆಗೆ ಹೇಳಬೇಡವೆ? ನಮ್ಮ ಮನೆಯಲ್ಲಿ ಅಜ್ಜಿಯ ತಾಯಿಯ ಹೆಸರು ಯಾರಿಗೂ ನೆನಪಿಲ್ಲ. ಆಕೆ ಬೆಂಕಿಗೆ ಬೀಳಲಿಲ್ಲ, ರಾಗಿ ಬೀಸಿದಳು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಮಾತ್ರ ಬೇರೊಂದು ಬಗೆಯ ಹೆಸರುಗಳು ಕಾಣುತ್ತವೆ. ಅಲ್ಲಿಯ ಹಳೆಯ ಶಾಸನಗಳು ಬಹಳ ಚಿಕ್ಕವು: ಇಂಥವರು, ಇಂಥವರ ಶಿಷ್ಯರು, ನೋಂತು ಮುಡಿಪಿದರು, ಅಷ್ಟೆ. ನಾಗಮತಿ ಗಂತಿ ಎಂಬಾಕೆ ಚಿತ್ತೂರಿನ ಮೌನಿಗುರುವಿನ ಶಿಷ್ಯೆ. ಮೂರು ತಿಂಗಳು ನೋಂತು ದೇಹ ಬಿಟ್ಟವಳು. ಗಂತಿ ಎಂದರೆ ಸನ್ಯಾಸಿನಿ. ಅಪ್ಪನ ಹೆಸರಿಲ್ಲ, ಗಂಡನ ಹೆಸರಿಲ್ಲ. ಗುರುವಿನ ಹೆಸರು ಮತ್ತು ತನ್ನ ಹೆಸರು. ಸಾವಿರದ ಮುನ್ನೂರು ವರ್ಷಗಳಷ್ಟು ಹಿಂದೆ ಹೆಣ್ಣೊಬ್ಬಳನ್ನು ಹೀಗೆ ಗುರುತಿಸಿದ್ದು ನನಗೆ ರಾಜಾದಿತ್ಯನ ಸಾವಿಗಿಂತ ದೊಡ್ಡ ಸಂಗತಿಯೆನಿಸುತ್ತದೆ.

ಆದರೂ ಅದೇ ಬೆಟ್ಟದ, ಕ್ರಿ. ಶ. 600ರ ಸುಮಾರಿನ ಮೊದಲ ಶಾಸನವು ಆಚಾರ್ಯ ಪ್ರಭಾಚಂದ್ರನನ್ನು ಹೆಸರಿಸಿ, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅಲ್ಲಿ ಸಮಾಧಿ ಪಡೆದರೆಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಏಳುನೂರು ಎಂಬ ಲೆಕ್ಕ ಕಲ್ಲಿನ ಮೇಲೆ ಉಳಿಯಿತು.