ಪಾಲಕರ ಮತ ಪಾಲಕರಿಗೇ ಇರಲಿ

ಸರಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸದಸ್ಯರಿಗೆ ಸಂಬಳವಿಲ್ಲ. ಆದರೂ ಅನೇಕ ಹಳ್ಳಿಗಳಲ್ಲಿ ಆ ಸ್ಥಾನಕ್ಕೆ ಪಂಚಾಯಿತಿ ಚುನಾವಣೆಯಷ್ಟೇ ಪೈಪೋಟಿ. ಪೈಪೋಟಿ ತಪ್ಪಲ್ಲ. ಪಾಲಕರ ಸಭೆಯಲ್ಲಿ ಆಗಬೇಕಾದ ಆಯ್ಕೆ ಮುಖಂಡರ ಕಟ್ಟೆಯ ಮೇಲೆ ಮುಗಿದುಹೋಗುವುದು ತಪ್ಪು.

ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಈ ಸಮಿತಿಗಳು ರೂಪುಗೊಂಡವು. ಸಮಿತಿಯ ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. ಶಾಲೆಯ ಯೋಜನೆ ರೂಪಿಸುವ, ಅನುದಾನದ ಬಳಕೆಯ ಮೇಲೆ ನಿಗಾ ಇಡುವ ಅಧಿಕಾರವನ್ನೂ ಕೊಟ್ಟಿತು.

ಕಲಬುರಗಿ ಸಮೀಪದ ನಂದೂರಿನಂಥ ಊರನ್ನೇ ನೋಡಿ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ದಿನಗೂಲಿಯ ತಾಯಿಯನ್ನು ಕೆಲಸದ ದಿನ ಹನ್ನೊಂದು ಗಂಟೆಯ ಸಭೆಗೆ ಕರೆದರೆ ಆಕೆ ಬರುವುದೆಂತು? ಕೂಲಿ ಬಿಟ್ಟು ಬಂದವಳಿಗೆ ‘ಅವಿರೋಧ ಆಯ್ಕೆ’ಯ ಸುದ್ದಿ ಕಾದಿದ್ದರೆ ಮತ್ತೊಮ್ಮೆ ಬಂದಾಳೆಯೇ? (ಸದಸ್ಯೆಯ ಪರವಾಗಿ ಪತಿರಾಯರೇ ಸಭೆಗೆ ಹಾಜರಾಗುವುದು ಬೇರೆಯೇ ಕತೆ.)

ಸಭೆ ಭಾನುವಾರ ನಡೆಯಲಿ. ಸ್ಪರ್ಧಿಗಳು ಎಲ್ಲರೆದುರು ನಿಂತು ಉತ್ತರಿಸಲಿ: ಖಾಲಿ ಬಿದ್ದ ಶಿಕ್ಷಕ ಹುದ್ದೆಗಾಗಿ ಯಾರ ಬಾಗಿಲು ತಟ್ಟುವಿರಿ? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಎಂದು ಬಂದೀತು? ಅನುದಾನದ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಬರೆಸುವಿರಾ? 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಮೂರನೆಯ ತರಗತಿಯ ಮಗುವಿಗೆ ಓದಲು ಬರುತ್ತಿದೆಯೇ ಎಂದು ಅವರಲ್ಲಿ ಯಾರಾದರೂ ವಿಚಾರಿಸಿದ್ದಾರೆಯೇ? ಇಷ್ಟನ್ನು ಕೇಳಿಸಿಕೊಂಡ ಮೇಲೆ ಪಾಲಕರು ಗುಪ್ತವಾಗಿ ಚೀಟಿ ಹಾಕಲಿ. ಓದುಬಾರದವರಿಗೆ ಚಿಹ್ನೆ ಸಾಕು.